ಪರದೆಯ ಕೆಳಗೆ ಎರಡು ಪಾದ

“ಕೈ ಎತ್ರೀ.”

“ಎತ್ತಿದೀನಿ.”

“ಯಾವ ಕೈ?”

“ಅದನ್ನ ನೀನು ಹೇಳ್ಬೇಕು ಕಣೇ. ಪರೀಕ್ಷೆ ನಿನಗೋ ನನಗೋ?”

ಹೊರಗೆ ಬೀದಿದೀಪಗಳು ಇನ್ನೂ ಆರಿಲ್ಲ. ಬಾಡಿಗೆಗೆ ಹಿಡಿದ ಸಭಾಂಗಣದ ಗೋಡೆಗೆ ಒರಗಿದಂತೆ ಕಬ್ಬಿಣದ ಪೈಪಿನ ಚೌಕಟ್ಟೊಂದು ನಿಂತಿದೆ. ಅದರಿಂದ ಗಾಢ ಕಂದು ಬಣ್ಣದ ಪರದೆ ಇಳಿಬಿದ್ದಿದೆ. ಪರದೆಯ ಹಿಂದೆ ಗಂಡ ಟಾರ್ಚು ಹೊತ್ತಿಸಿಕೊಂಡು ನಿಂತಿದ್ದಾರೆ. ಈಚೆ ಹೆಂಡತಿ, ಕೊರಳಿಗೆ ಅಳತೆ ಟೇಪು ಹಾಕಿಕೊಂಡು, ತುಟಿಯ ತುದಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುತ್ತಾ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾರೆ. ಗಂಡ ಕೈ ಎತ್ತುತ್ತಾರೆ, ಬಗ್ಗುತ್ತಾರೆ, ಕಾಗದ ಮಡಚಿದಂತೆ ಮಾಡುತ್ತಾರೆ. ಅದೂ ಸಾಲದೆಂದು ಎರಡು ಹೆಜ್ಜೆ ಕುಣಿದೂ ಬಿಡುತ್ತಾರೆ. ಈಚೆಗೆ ಕಾಣುವುದು ಪರದೆಯ ಕೆಳಗಿನ ಎರಡು ಪಾದಗಳು ಮಾತ್ರ.

“ಸಾಕು ಬನ್ನಿ ಈಚೆ. ಮಂಡಿ ನೋವು ಅಂತ ನಿನ್ನೆ ಗೋಳಾಡ್ತಿದ್ದೋರು ಯಾರು?”

ಇವರೇ ಪರದೆಯಕ್ಕ. ಹೆತ್ತವರಿಟ್ಟ ಹೆಸರು ಬೇರೆ ಇದೆ, ಆದರೆ ಅದನ್ನು ಕರೆಯುವವರು ಈ ಊರಲ್ಲಿ ಯಾರೂ ಉಳಿದಿಲ್ಲ. ಹೊಟ್ಟೆಪಾಡಿಗಾಗಿ ತಾಯ್ನಾಡು ಬಿಟ್ಟು ಇಲ್ಲಿಗೆ ಬಂದವರಲ್ಲಿ ಗಾರೆ ಕೆಲಸದವರಿದ್ದಾರೆ, ಆಸ್ಪತ್ರೆಯಲ್ಲಿ ಹಾಸಿಗೆ ಬದಲಿಸುವವರಿದ್ದಾರೆ, ಲಾರಿ ಓಡಿಸುವವರಿದ್ದಾರೆ, ಎತ್ತರದ ಕಟ್ಟಡಗಳ ಗಾಜು ಒರೆಸುವವರಿದ್ದಾರೆ. ಅಲ್ಲಿ ಚುನಾವಣೆ ಬಂದಾಗ ಇಲ್ಲಿಂದಲೇ ಓಟು ಹಾಕಲು ಇವರಿಗೆ ಹಕ್ಕಿದೆ. ದೂತಾವಾಸದ ಕಚೇರಿ ಚಿಕ್ಕದು, ಜನ ಹೆಚ್ಚು. ಅದಕ್ಕೇ ಒಂದು ಭಾನುವಾರದ ಮಟ್ಟಿಗೆ ಈ ಸಭಾಂಗಣ ಹಿಡಿಯುತ್ತಾರೆ. ಮತಪೆಟ್ಟಿಗೆ ಬರುತ್ತದೆ, ಮುದ್ರೆ ಬರುತ್ತದೆ, ಅಧಿಕಾರಿಗಳು ಬರುತ್ತಾರೆ. ಅವರೆಲ್ಲರಿಗಿಂತ ಮೊದಲು ಪರದೆಯಕ್ಕನ ಗಂಟು ಬಂದು ಬಾಗಿಲಲ್ಲಿ ಕೂತಿರುತ್ತದೆ.

ಬಹುಮಾನ, ಸನ್ಮಾನ ಯಾವುದೂ ಈ ಕೆಲಸಕ್ಕೆ ಸಿಕ್ಕಿಲ್ಲ. ಓಟು ಹಾಕಿ ಹೊರಬಂದವರು ಫಲಿತಾಂಶದ ಮಾತಾಡುತ್ತಾರೆಯೇ ಹೊರತು, ತಾವು ಯಾವುದರ ಮರೆಯಲ್ಲಿ ನಿಂತಿದ್ದೆವು ಎಂದು ತಿರುಗಿ ನೋಡುವುದಿಲ್ಲ. ನೋಡಲಿ ಎಂಬ ಆಸೆ ಪರದೆಯಕ್ಕನಿಗೂ ಇಲ್ಲ. “ಪರದೆ ಕಣ್ಣಿಗೆ ಬಿತ್ತು ಅಂದ್ರೆ ಏನೋ ಎಡವಟ್ಟಾಗಿದೆ ಅಂತಲೇ ಲೆಕ್ಕ” ಎನ್ನುತ್ತಾರೆ.

ಉಳಿದ ದಿನಗಳಲ್ಲಿ ಅವರ ಸಾಮ್ರಾಜ್ಯ ಒಂದು ಮಹಡಿ ಮೆಟ್ಟಿಲಿನ ಕೆಳಗಿನ ಅಂಗಡಿ. ಒಳಗೆ ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಗಿರಾಕಿಗೊಂದು ಸ್ಟೂಲು. ಎದ್ದು ನಿಂತರೆ ತಲೆಗೆ ಮೆಟ್ಟಿಲು ತಗಲುತ್ತದೆ, ಆದ್ದರಿಂದ ಏಳುವ ಮೊದಲು ಎಡಕ್ಕೆ ವಾಲುವುದು ಅವರಿಗೆ ಅಭ್ಯಾಸವಾಗಿ ಹೋಗಿದೆ. ಮನೆಯಲ್ಲೂ ವಾಲಿಯೇ ಏಳುತ್ತಾರೆ. ಹೊಸ ಬಟ್ಟೆ ಹೊಲಿಸುವವರು ಇಲ್ಲಿಗೆ ಬರುವುದಿಲ್ಲ. ದಿನವೊಂದಕ್ಕೆ ಹತ್ತು ಹನ್ನೆರಡು ಪ್ಯಾಂಟು, ಆರೇಳು ಜಿಪ್ಪು, ಕಂಕುಳಲ್ಲಿ ಹರಿದ ಕೋಟು, ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು. “ಊಟ ಹೆಚ್ಚಾದೋರೆಲ್ಲಾ ನನ್ನ ಗಿರಾಕಿಗಳು. ಡಯೆಟ್ಟು ಅಂತ ಶುರು ಮಾಡಿದ್ರೆ ಅವರೇ ಮತ್ತೆ ಬರ್ತಾರೆ. ಎರಡು ಕಡೆಯಿಂದ್ಲೂ ನನಗೆ ಕೆಲಸ” ಎಂದು ನಗುತ್ತಾರೆ.

ಯಜಮಾನರು ನೆಲಕ್ಕೆ ಟೈಲ್ಸು ಕೂರಿಸುವವರು. ಮಂಡಿಯೂರಿ ಮಂಡಿಯೂರಿ ಈಗ ಮೆಟ್ಟಿಲು ಕಂಡರೆ ಶಾಪ ಹಾಕುತ್ತಾರೆ. ಪರದೆಯ ಚೌಕಟ್ಟು ಮಾಡಿಕೊಟ್ಟವರು ಅವರೇ. ಅದಕ್ಕೆ ಪ್ರತಿಯಾಗಿ ಅವರಿಗೆ ಬೇಕಿರುವುದು ಒಂದೇ ಒಂದು, ಹೆಂಡತಿ ಯಾರಿಗೆ ಓಟು ಹಾಕುತ್ತಾಳೆ ಎಂಬ ಗುಟ್ಟು. ಮದುವೆಯಾದಾಗಿನಿಂದ ಕೇಳುತ್ತಲೇ ಇದ್ದಾರೆ. ಪ್ರೀತಿಯಿಂದ ಕೇಳಿದ್ದಾಯಿತು, ಮುನಿಸಿಕೊಂಡು ಕೇಳಿದ್ದಾಯಿತು, ಜ್ವರ ಬಂದು ಹಾಸಿಗೆ ಹಿಡಿದಾಗ “ಇನ್ನೇನು ಹೋಗ್ಬಿಡ್ತೀನೇನೋ, ಈಗ್ಲಾದ್ರೂ ಹೇಳು” ಎಂದದ್ದೂ ಆಯಿತು. ಅಕ್ಕನ ಬಾಯಿಗೆ ಬೀಗ. “ಹೋದ್ರೆ ಹೋಗಿ. ಅಲ್ಲಿಗೆ ತಗೊಂಡು ಹೋಗಿ ಏನು ಮಾಡ್ತೀರಾ ಆ ಸುದ್ದೀನ?” ಎಂದರಂತೆ.

ಈ ಹಟ ಹುಟ್ಟಿದ್ದಕ್ಕೆ ಕಾರಣವಿದೆ. ಓಟಿನ ವಯಸ್ಸು ಬಂದಾಗ ಅವರಿನ್ನೂ ತಾಯ್ನಾಡಿನಲ್ಲೇ ಇದ್ದರು. ಮೊದಲ ಸಲ ಮತಗಟ್ಟೆಗೆ ಹೋಗುವಾಗ ಜೊತೆಗೆ ಅಣ್ಣ ಬಂದಿದ್ದ. ಶಾಲೆಯ ಕೋಣೆಯ ಮೂಲೆಯಲ್ಲಿ ಬೆಂಚು, ಬೆಂಚಿನ ಮೇಲೊಂದು ರಟ್ಟಿನ ತಡಿಕೆ, ಅಷ್ಟೇ ಮರೆ. ಪಕ್ಕದಲ್ಲಿ ಯಾರು ನಿಂತರೂ ಕೇಳುವವರಿರಲಿಲ್ಲ. ಅಣ್ಣ ನಿಂತ. ತಂಗಿಯ ಕೈ ಮೇಲೆ ತನ್ನ ಕೈ ಇಟ್ಟ, ತನಗೆ ಬೇಕಾದ ಕಡೆ ಮುದ್ರೆ ಒತ್ತಿಸಿದ.

“ಕೆಟ್ಟೋನಲ್ಲ ನಮ್ಮಣ್ಣ. ಹೊಲಿಗೆ ಮಿಷನ್ನು ಕೊಡಿಸಿದ್ದು ಅವನೇ. ಚಿಕ್ಕೋಳಿದ್ದಾಗ ಕೈ ಹಿಡಿದು ಅಕ್ಷರ ಕಲಿಸಿದ್ದೂ ಅವನೇ. ಅದೇ ಕೈ ಹಿಡಿದು ಓಟೂ ಒತ್ತಿಸಿಬಿಟ್ಟ. ಬೈಯೋಣ ಅಂದ್ರೆ ಬಾಯಿ ಬರಲ್ಲ, ಮರೆಯೋಣ ಅಂದ್ರೆ ಆಗಲ್ಲ” ಎನ್ನುವಾಗ ಅಕ್ಕನ ನಗು ಒಂದು ಕ್ಷಣ ಎಲ್ಲಿಗೋ ಹೋಗಿ ಬರುತ್ತದೆ.

ಇಲ್ಲಿಗೆ ಬಂದ ಮೇಲೆ ದೂತಾವಾಸದವರು ಮೊದಲ ಸಲ ಮತದಾನ ಏರ್ಪಡಿಸಿದಾಗ ಮರೆಗೆ ಏನು ಮಾಡುವುದೆಂದು ತಲೆ ಕೆರೆದುಕೊಳ್ಳುತ್ತಿದ್ದರು. ಪಾಸ್‌ಪೋರ್ಟಿನ ಕೆಲಸಕ್ಕೆಂದು ಹೋಗಿದ್ದ ಅಕ್ಕ ಸಾಲಿನಲ್ಲಿ ನಿಂತಲ್ಲಿಂದಲೇ ಕೂಗಿ ಹೇಳಿದರು: “ಪರದೆ ನಾನು ಹೊಲಿದುಕೊಡ್ತೀನಿ ಸ್ವಾಮಿ.” ಕೇಳಿದವರು ಹೂಂ ಎಂದುಬಿಟ್ಟರು.

ಆದರೆ ಆ ಮೊದಲ ಪರದೆಯ ಕಥೆ ನೆನೆಸಿಕೊಂಡರೆ ಯಜಮಾನರಿಗೆ ಇಂದಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು. ಲಕ್ಷಣವಾಗಿರಲಿ ಎಂದು ಅಕ್ಕ ತೆಳು ಹಳದಿ ಬಟ್ಟೆ ಆರಿಸಿದ್ದರು. ಅಂಚಿಗೆ ಸಣ್ಣ ನೆರಿಗೆ ಬೇರೆ. ನಸುಕಿನಲ್ಲಿ ಕಟ್ಟುವಾಗ ಚೆನ್ನಾಗಿಯೇ ಕಂಡಿತು. ಬಿಸಿಲೇರಿದ ಮೇಲೆ ಹಿಂದಿನ ಕಿಟಕಿಯಿಂದ ಬೆಳಕು ನುಗ್ಗಿತು ನೋಡಿ, ಒಳಗಿದ್ದವರ ನೆರಳು ಪರದೆಯ ಮೇಲೆ ಆಳೆತ್ತರಕ್ಕೆ ಎದ್ದಿತು! ಮುದ್ರೆ ಹಿಡಿದ ಕೈ ಮೇಲಕ್ಕೆ ಹೋಯಿತೋ ಕೆಳಕ್ಕೆ ಹೋಯಿತೋ ಸಾಲಿಗೆಲ್ಲಾ ಕಾಣುತ್ತಿತ್ತು. ಕೈ ಓಟಿನ ಕಾಗದದ ಮೇಲ್ತುದಿಗೆ ಹೋದರೆ ಅಲ್ಲಿ ಗುರುತಿರುವ ಪಕ್ಷದವರ ಚಪ್ಪಾಳೆ, ಕೆಳತುದಿಗೆ ಹೋದರೆ ಇನ್ನೊಂದು ಪಕ್ಷದವರ ಸಿಳ್ಳೆ. ಒಳಗಿದ್ದ ಪಾಪದ ಮುದುಕರೊಬ್ಬರು ಇಷ್ಟು ಜನ ತಮ್ಮನ್ನು ಹುರಿದುಂಬಿಸುತ್ತಿರುವುದು ಏಕೆಂದು ತಿಳಿಯದೆ ಪರದೆ ಸರಿಸಿ ಕೈಮುಗಿದರಂತೆ. ಅಧಿಕಾರಿಗಳು ಓಡೋಡಿ ಬಂದು ಮತದಾನ ನಿಲ್ಲಿಸಿ, ಎಲ್ಲಿಂದಲೋ ಕಂಬಳಿ ತಂದು ಕಿಟಕಿಗೆ ಮುಚ್ಚಬೇಕಾಯಿತು.

“ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಮರೆ ಮಾಡ್ತೀನಿ ಅಂತ ಹೋಗಿ ಊರಿಗೇ ಸಿನಿಮಾ ತೋರಿಸಿದ್ದೆ. ಅಂದ ಚೆಂದ ನೋಡ್ಕೊಂಡು ಬಟ್ಟೆ ತಗೊಂಡಿದ್ದು ನನ್ನ ತಪ್ಪೇ.”

ಅಂದಿನಿಂದ ಅಕ್ಕನ ಪರದೆಗೆ ಎರಡು ಪದರ. ಹೊರಗೆ ಕಂದು ದಪ್ಪ ಬಟ್ಟೆ, ಒಳಗೆ ಕೋಟುಗಳಿಗೆ ಹಾಕುವ ಕಪ್ಪು ಒಳಬಟ್ಟೆ. ಟಾರ್ಚಿನ ಪರೀಕ್ಷೆ ಶುರುವಾದದ್ದೂ ಅಂದಿನಿಂದಲೇ. ಇನ್ನು ಉದ್ದ. ಪರದೆ ನೆಲ ಮುಟ್ಟುವುದಿಲ್ಲ. ಅಂಚಿನ ಕೆಳಗೆ ಒಂದು ಗೇಣಿಗಿಂತ ತುಸು ಹೆಚ್ಚು ಬಿಟ್ಟಿರುತ್ತಾರೆ. ಬಟ್ಟೆ ಸಾಲದೆ ಹೋಯಿತೇನೋ ಎಂದುಕೊಳ್ಳುವವರೇ ಹೆಚ್ಚು. ಅದು ಅಣ್ಣನ ನೆನಪಿಗೆ ಬಿಟ್ಟ ಜಾಗ. “ಒಳಗೆ ಏನು ನಡೀತಿದೆ ಅಂತ ಯಾರಿಗೂ ಕಾಣಬಾರದು. ಎಷ್ಟು ಜನ ಇದ್ದಾರೆ ಅನ್ನೋದು ಮಾತ್ರ ಎಲ್ಲರಿಗೂ ಕಾಣಬೇಕು. ಎರಡು ಪಾದ ಇರಬೇಕು. ಅಷ್ಟೇ ನನ್ನ ಕಾನೂನು.”

ಪರದೆಯ ಒಳಗೆ ಜನ ಏನೇನು ಮಾಡುತ್ತಾರೆ ಎಂಬುದರ ಬಗ್ಗೆ ಅಕ್ಕನಿಗೆ ತಮ್ಮದೇ ಅಂದಾಜುಗಳಿವೆ. ಓಟು ಒತ್ತಲು ಎಷ್ಟು ಹೊತ್ತು ಬೇಕು? ಆದರೂ ಕೆಲವರು ಒಳಗೆ ಹೋದರೆ ಬರುವುದೇ ಇಲ್ಲ. ಮೊದಮೊದಲು ಅಧಿಕಾರಿಗಳಿಗೆ ಸಿಟ್ಟು ಬರುತ್ತಿತ್ತು, ಯಾರಿಗೆ ಹಾಕಬೇಕೆಂದು ಇಲ್ಲಿಗೆ ಬಂದು ಮೀನಮೇಷ ಎಣಿಸುತ್ತಾರೆ ಎಂದು. ಅಕ್ಕನಿಗೆ ಬೇಗನೆ ಅರ್ಥವಾಯಿತು. ಈ ಜನ ಒಂದು ಕೋಣೆಯಲ್ಲಿ ಆರು ಮಂದಿ, ಎಂಟು ಮಂದಿ ಮಲಗುವವರು. ಮಂಚದ ಮೇಲೆ ಮಂಚ. ಸ್ನಾನಕ್ಕೆ ಹೋದರೆ ಬಾಗಿಲು ಬಡಿಯುತ್ತಾರೆ, ಮನೆಗೆ ಫೋನು ಮಾಡಿದರೆ ಪಕ್ಕದವನೂ ಮಾತಿಗೆ ಸೇರಿಕೊಳ್ಳುತ್ತಾನೆ. ಇಂಥವರಿಗೆ ತಾನೊಬ್ಬನೇ ನಿಲ್ಲುವ ಜಾಗ ಸಿಕ್ಕುವುದು ಈ ಪರದೆಯ ಹಿಂದೆ ಮಾತ್ರ. ಬೆಸುಗೆ ಕೆಲಸದವನೊಬ್ಬ ನಿಂತಲ್ಲೇ ಕಣ್ಣು ಮುಚ್ಚಿ ತೂಕಡಿಸಿದ್ದ. ಪಾದಗಳು ಒಂದೇ ಕಡೆ ವಾಲುತ್ತಿದ್ದುದನ್ನು ಕಂಡು ಎಬ್ಬಿಸಬೇಕಾಯಿತು. ಇನ್ನೊಬ್ಬಾಕೆ ಮೂಗು ಸೀಟಿಕೊಂಡು ಹೊರಬಂದಳು. ಅತ್ತಿದ್ದಳು ಎಂಬುದು ಮುಖದಲ್ಲೇ ಇತ್ತು. “ಪಾಪ, ಅಳೋಕೂ ಒಂದು ಜಾಗ ಬೇಡ್ವಾ?” ಎನ್ನುತ್ತಾರೆ ಅಕ್ಕ.

ಈ ಸಲ ಮಾತ್ರ ಪರದೆಯ ಬುಡಕ್ಕೇ ಕತ್ತರಿ ಬಿದ್ದಿತ್ತು.

ಹೊಸದಾಗಿ ಬಂದ ಚುನಾವಣಾಧಿಕಾರಿ ಅಕ್ಕನನ್ನು ಕರೆಸಿ, ಮಡಚಿಡುವ ರಟ್ಟಿನ ಮರೆಗಳನ್ನು ತೋರಿಸಿದರು. ಮೇಜಿನ ಮೇಲೆ ಇಟ್ಟು ಬಿಚ್ಚಿದರೆ ಮೂರು ಕಡೆ ಗೋಡೆ, ಹಿಂದೆ ಬಯಲು. ಇನ್ನು ಮುಂದೆ ಎಲ್ಲಾ ಕಡೆ ಇದೇ ಎಂದರು. ಅಕ್ಕನಿಗೆ ಹಳೆಯ ಶಾಲೆಯ ಕೋಣೆ ನೆನಪಾಯಿತು. ಅಣ್ಣ ನಿಂತದ್ದು ಇಂಥದೇ ರಟ್ಟಿನ ಪಕ್ಕದಲ್ಲಿ. ಆದರೆ ಅಧಿಕಾರಿಯೇನೂ ಹಟಕ್ಕೆ ಬಿದ್ದ ಮನುಷ್ಯರಲ್ಲ, ಅವರ ಮಾತಿಗೂ ತೂಕವಿತ್ತು.

“ಅಮ್ಮಾ, ನಿಮ್ಮ ಪರದೆ ಚೆನ್ನಾಗಿದೆ. ಆದ್ರೆ ಈಗ ಎಲ್ಲರ ಜೇಬಲ್ಲೂ ಫೋನಿದೆ. ಒಳಗೆ ಹೋಗಿ ಓಟಿನ ಫೋಟೋ ತೆಗೀತಾರೆ. ‘ಫೋಟೋ ತಂದು ತೋರಿಸು’ ಅಂತ ಕೆಲಸ ಕೊಟ್ಟೋರೇ ಹೇಳಿ ಕಳಿಸ್ತಾರೆ. ಪರದೆಯೊಳಗೆ ಅದನ್ನ ನಾನು ಹೇಗೆ ಹಿಡೀಲಿ? ರಟ್ಟಿನ ಮರೆಯಾದ್ರೆ ಫೋನು ಎತ್ತಿದ್ದು ನಮಗೆ ಕಾಣುತ್ತೆ.”

ಅಕ್ಕ ಅಂಗಡಿಗೆ ಬಂದರು. ಅವರೂ ಇದನ್ನು ಯೋಚಿಸಿರಲಿಲ್ಲ. ಆ ದಿನ ಒಂದು ಪ್ಯಾಂಟಿನ ಎರಡೂ ಕಾಲನ್ನು ಸೇರಿಸಿ ಹೊಲಿದುಬಿಟ್ಟರು ಎಂದರೆ ಮನಸ್ಸು ಎಲ್ಲಿತ್ತೆಂದು ಊಹಿಸಬಹುದು. ಅದನ್ನು ಬಿಚ್ಚುತ್ತಾ ಕೂತಾಗ, ಗಿರಾಕಿಗಳು ಕೊಟ್ಟು ಮರೆತುಹೋದ ಹಳೆಯ ಜೀನ್ಸುಗಳ ಗುಡ್ಡೆ ಕಣ್ಣಿಗೆ ಬಿತ್ತು.

ಆ ವಾರವೆಲ್ಲಾ ಜೀನ್ಸುಗಳ ಜೇಬು ಕತ್ತರಿಸಿ, ಒಂದು ದಪ್ಪ ಬಟ್ಟೆಯ ಮೇಲೆ ಸಾಲಾಗಿ ಹೊಲಿದರು. ಪ್ರತಿ ಜೇಬಿನ ಮೇಲೊಂದು ಗುಂಡಿ, ಒಂದರಂತೆ ಇನ್ನೊಂದಿಲ್ಲ. ಕೆಂಪು, ಹಸಿರು, ಆನೆದಂತದ ಬಣ್ಣದ್ದು, ನಾಲ್ಕು ತೂತಿನದು, ಲೋಹದ್ದು. ಅದರ ಜೋಡಿ ಗುಂಡಿ ಮತದಾರರ ಕೈಗೆ. ಫೋನು ಜೇಬಿಗೆ ಹಾಕು, ಗುಂಡಿ ಕೈಯಲ್ಲಿ ಹಿಡಿ, ಒಳಗೆ ಹೋಗು, ಓಟು ಹಾಕು, ಗುಂಡಿಗೆ ಗುಂಡಿ ಹೊಂದಿಸಿ ಫೋನು ವಾಪಸ್ಸು ತಗೋ. ಓದಲು ಬಾರದವರಿಗೂ ಗೊಂದಲವಿಲ್ಲ.

ಜೇಬಿನ ಬಟ್ಟೆಯನ್ನು ಅಧಿಕಾರಿಯ ಮೇಜಿನ ಮೇಲೆ ಹರಡಿದಾಗ ಅವರು ತಮ್ಮ ಫೋನನ್ನೇ ಒಂದು ಜೇಬಿಗೆ ಇಳಿಬಿಟ್ಟು ನೋಡಿದರು. ನಕ್ಕರು. ಆಮೇಲೆ ಒಂದು ಕರಾರು ಹಾಕಿದರು. ಓಟು ಒತ್ತುವ ನಾಲ್ಕು ಜಾಗಗಳಲ್ಲಿ ಎರಡು ಕಡೆ ಪರದೆ, ಎರಡು ಕಡೆ ರಟ್ಟು. ಪರದೆಯ ಕಡೆ ಒಂದೇ ಒಂದು ತಕರಾರು ಎದ್ದರೂ ಮುಂದಿನ ಸಲದಿಂದ ಎಲ್ಲಾ ರಟ್ಟೇ. ಮತ್ತೆ, ಅಕ್ಕ ಪರದೆ ಬಿಚ್ಚಿಬಂದರೆ ಹೊಲಿಯಲಿಕ್ಕೆಂದು ಗೋಡೆ ಬದಿಯ ಕುರ್ಚಿಯಲ್ಲಿ ಕೂತಿರಬಹುದು. ಮತದಾನ ಮಾಡುತ್ತಿರುವವರ ಜೊತೆ ಒಂದಕ್ಷರ ಆಡಕೂಡದು.

“ಆಡಲ್ಲ ಸಾಹೇಬ್ರೇ” ಎಂದರು ಅಕ್ಕ. ಯಜಮಾನರು ಪಕ್ಕದಲ್ಲಿದ್ದವರು, “ಬರ್ಕೊಟ್ರೂ ನಾನು ನಂಬಲ್ಲ” ಎಂದು ಗೊಣಗಿದರು.

ಹೀಗೆ ಬಂದದ್ದು ಈ ಭಾನುವಾರ. ಟಾರ್ಚಿನ ಪರೀಕ್ಷೆ ಮುಗಿದು, ಚಹಾದ ಲೋಟ ಖಾಲಿಯಾಗಿ, ಬಾಗಿಲು ತೆರೆಯುವ ಹೊತ್ತಿಗೆ ಹೊರಗೆ ಸಾಲು ಬೀದಿಯ ತಿರುವಿನವರೆಗೆ ಬೆಳೆದಿದೆ. ಮೊದಲಿಗೆ ಅಕ್ಕನೇ ಓಟು ಹಾಕುತ್ತಾರೆ, ಕಂದು ಪರದೆಯ ಹಿಂದೆ. ಯಜಮಾನರು ಪಕ್ಕದ ಪರದೆಯೊಳಗೆ ಹೋಗುವ ಮುನ್ನ ಕೊನೆಯ ಪ್ರಯತ್ನವೆಂಬಂತೆ ಹುಬ್ಬು ಹಾರಿಸುತ್ತಾರೆ. ಅಕ್ಕ ನೋಡದವರಂತೆ ಹೋಗಿ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಸೂಜಿ ದಾರ ಇಟ್ಟುಕೊಳ್ಳುತ್ತಾರೆ.

ಬೆಳಗಿನ ಹೊತ್ತು ನೀರು ಹರಿದಂತೆ ಸಾಗುತ್ತದೆ. ಗುಂಡಿಗಳ ಆಟ ಜನಕ್ಕೆ ಖುಷಿ ಕೊಟ್ಟಿದೆ. “ನನಗೆ ಆ ಹೊಳೆಯೋ ಗುಂಡೀನೇ ಕೊಡಿ” ಎಂದು ಆಸ್ಪತ್ರೆಯ ಆಯಾ ಒಬ್ಬರು ಮಗುವಿನಂತೆ ಹಟ ಮಾಡುತ್ತಾರೆ. ಅಧಿಕಾರಿ ಒಂದೆರಡು ಸಲ ಅಕ್ಕನತ್ತ ನೋಡಿ ತಲೆ ಆಡಿಸುತ್ತಾರೆ. ಎಲ್ಲಾ ಸುಸೂತ್ರವಾಗಿದೆ ಎಂಬ ಭಾವ ಅದು. ಪರದೆ ಗೆದ್ದಿತು ಎಂದೇ ಅಕ್ಕನಿಗೆ ಅನ್ನಿಸುತ್ತದೆ.

ಮಧ್ಯಾಹ್ನದ ಹೊತ್ತಿಗೆ ಒಂದು ವ್ಯಾನು ಬಂದು ನಿಲ್ಲುತ್ತದೆ. ಗಾಜು ಒರೆಸುವ ಹೆಂಗಸರು ಇಳಿಯುತ್ತಾರೆ, ಅವರ ಹಿಂದೆ ಅವರ ಮೇಸ್ತ್ರಿ. ಕೆಲಸ ಕೊಡಿಸುವವನೂ ಅವನೇ, ಇರಲು ಕೋಣೆ ತೋರಿಸುವವನೂ ಅವನೇ. ಮೊನಚು ಮೂತಿಯ ಕಪ್ಪು ಬೂಟು, ಮಿರಮಿರ ಮಿಂಚುತ್ತಿದೆ. ಸಾಲಿನ ಉದ್ದಕ್ಕೂ ಓಡಾಡಿ ಹೆಂಗಸರ ಕಿವಿಯಲ್ಲಿ ಏನೇನೋ ಹೇಳುತ್ತಾನೆ. ಫೋನು ಒಳಗೆ ಒಯ್ಯುವಂತಿಲ್ಲ ಎಂದು ತಿಳಿದಾಗ ಮಾತ್ರ ಅವನ ಮುಖ ಹುಳ್ಳಗಾಗುತ್ತದೆ.

ಹೆಂಗಸರಲ್ಲಿ ಮೊದಲನೆಯವಳು ಎಲ್ಲರಿಗಿಂತ ಚಿಕ್ಕವಳು. ಬಂದು ಇನ್ನೂ ವರ್ಷ ತುಂಬಿಲ್ಲ. ಅಷ್ಟೆತ್ತರದಲ್ಲಿ ನೇತಾಡಿ ಗಾಜು ಒರೆಸುವವಳು ಇಲ್ಲಿ ನೆಲ ನೋಡಿಕೊಂಡು ಹೆಜ್ಜೆ ಇಡುತ್ತಾಳೆ. ಬಣ್ಣ ಹೋದ ಕ್ಯಾನ್ವಾಸ್ ಬೂಟು, ಒಂದರ ಲೇಸು ಕಂದು, ಇನ್ನೊಂದರದ್ದು ಬಿಳಿ. ಬಟ್ಟೆ ಬರೆ ಗಮನಿಸುವ ಅಕ್ಕನ ಕಣ್ಣು ಅದನ್ನು ಬಿಟ್ಟೀತೇ! ಹುಡುಗಿ ಫೋನು ಜೇಬಿಗೆ ಹಾಕುತ್ತಾಳೆ, ನೀಲಿ ಗುಂಡಿ ತೆಗೆದುಕೊಳ್ಳುತ್ತಾಳೆ, ಓಟಿನ ಕಾಗದ ಹಿಡಿದು ಪರದೆಯೊಳಗೆ ಹೋಗುತ್ತಾಳೆ.

ಬಾಗಿಲ ಬಳಿ ಯಾರೋ ಮುದುಕರು ಮೆಟ್ಟಿಲು ಎಡವುತ್ತಾರೆ. ಸಭಾಂಗಣದ ಕಣ್ಣೆಲ್ಲಾ ಅತ್ತ. ಅಕ್ಕನೂ ಅತ್ತ ತಿರುಗಿ, ಮತ್ತೆ ಇತ್ತ ತಿರುಗುತ್ತಾರೆ.

ಪರದೆಯ ಕೆಳಗೆ ಕಂದು ಲೇಸು, ಬಿಳಿ ಲೇಸು. ಅವುಗಳ ಬೆನ್ನಿಗೆ ಮೊನಚು ಮೂತಿಯ ಕಪ್ಪು ಬೂಟು.

ಆ ಕ್ಷಣದ ಬಗ್ಗೆ ಅಕ್ಕ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. “ಕೂಗಿದ್ರೆ ತಕರಾರು ಆಗುತ್ತೆ. ತಕರಾರು ಆದ್ರೆ ನನ್ನ ಪರದೆ ಕಥೆ ಮುಗೀತು. ಇಷ್ಟು ವರ್ಷ ಕಟ್ಕೊಂಡು ಬಂದಿದ್ದು, ಆ ಜೇಬು, ಆ ಗುಂಡಿ, ಎಲ್ಲಾ ಮಣ್ಣುಪಾಲು. ಸುಮ್ಮನೆ ಸೂಜಿಗೆ ದಾರ ಪೋಣಿಸ್ತಾ ಕೂತಿದ್ರೆ ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ. ಕೂತಿದ್ದೂ ಕೂತಿದ್ದೆ, ಸುಳ್ಳು ಯಾಕೆ ಹೇಳ್ಲಿ? ಒಂದು ಉಸಿರು ಎಳೆದು ಬಿಡೋಷ್ಟು ಹೊತ್ತು ಕೂತಿದ್ದೆ. ಆಮೇಲೆ ನೋಡಿದ್ರೆ ಆ ಲೇಸಿನ ಬೂಟು ಒಂದು ಹೆಜ್ಜೆ ಪಕ್ಕಕ್ಕೆ ಸರೀತು. ಕಪ್ಪು ಬೂಟೂ ಸರೀತು. ಅವಳು ಮತ್ತೆ ಸರಿದ್ಲು. ಸರಿಯೋಕೆ ಜಾಗ ಮುಗೀತು. ನನಗೆ ನಮ್ಮಣ್ಣನ ಪಕ್ಕ ನಾನು ಹಾಗೇ ಸರಿದಿದ್ದು ನೆನಪಾಯ್ತು ನೋಡಿ…”

ಅಕ್ಕ ಎದ್ದು ನಿಲ್ಲುತ್ತಾರೆ. ಎಡಕ್ಕೆ ವಾಲಿಯೇ.

“ಸಾಹೇಬ್ರೇ! ಪರದೆಯೊಳಗೆ ನಾಲ್ಕು ಕಾಲು!”

ಮೆಟ್ಟಿಲ ಕೆಳಗೆ ಕೂತು ರಸ್ತೆಯಲ್ಲಿ ಹೋಗುವ ಗಿರಾಕಿಗಳನ್ನು ಕರೆದು ರೂಢಿಯಾದ ದನಿ. ಸಾಲಿನಲ್ಲಿದ್ದವರೆಲ್ಲಾ ಒಟ್ಟಿಗೆ ಬಗ್ಗಿ ಪರದೆಯ ಕೆಳಗೆ ನೋಡುತ್ತಾರೆ. ಎಡವಿದ ಮುದುಕರೂ ತಮ್ಮ ನೋವು ಮರೆತು ಬಗ್ಗುತ್ತಾರೆ. ಕಪ್ಪು ಬೂಟುಗಳು ಹಿಂದಕ್ಕೆ ಹೋಗಲೋ ಮುಂದಕ್ಕೆ ಹೋಗಲೋ ತಿಳಿಯದೆ ಅಲ್ಲೇ ಒಂದು ಸುತ್ತು ತಿರುಗುತ್ತವೆ.

ಅಧಿಕಾರಿ ದಾಪುಗಾಲು ಹಾಕಿ ಬರುತ್ತಾರೆ. ಮೇಸ್ತ್ರಿ ಪರದೆ ಸರಿಸಿ ಹೊರಬಂದವನೇ ಹಲ್ಲು ಕಿರಿಯುತ್ತಾನೆ. “ಇವಳಿಗೆ ಓದೋಕೆ ಬರಲ್ಲ ಸಾರ್. ಸಹಾಯ ಮಾಡ್ತಿದ್ದೆ. ನಮ್ಮ ಹುಡುಗಿ, ನಾನೇ ನೋಡ್ಕೊಳ್ಳೋದು.”

ಅಧಿಕಾರಿ ಪರದೆಯೊಳಗೆ ಇಣುಕದೆ, ಹೊರಗಿನಿಂದಲೇ ಕೇಳುತ್ತಾರೆ: “ಅಮ್ಮಾ, ನಿಮಗೆ ಸಹಾಯ ಬೇಕಾ?”

ಅವಳು ಏನು ಯೋಚಿಸುತ್ತಿದ್ದಾಳೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ರಾತ್ರಿ ಅವಳು ಮಲಗುವ ಮಂಚ ಆ ಮೇಸ್ತ್ರಿಯ ಕೈಯಲ್ಲಿದೆ. ನಾಳೆ ಅವಳನ್ನು ಇಪ್ಪತ್ತು ಮಹಡಿ ಎತ್ತರದಲ್ಲಿ ನೇತುಹಾಕುವ ಹಗ್ಗವೂ ಅವನ ಕೈಯಲ್ಲಿದೆ. ಅಕ್ಕ ತುಟಿ ಕಚ್ಚಿ ನಿಂತಿದ್ದಾರೆ. ಅವಳು ಹೂಂ ಎಂದುಬಿಟ್ಟರೆ ಅಷ್ಟಕ್ಕೆ ಮುಗಿಯಿತು. ಪರದೆಯೂ ಹೋಯಿತು, ಓಟೂ ಹೋಯಿತು.

“ಬೇಡ ಸಾರ್” ಎನ್ನುತ್ತದೆ ಒಂದು ಸಣ್ಣ ದನಿ. ಸ್ವಲ್ಪ ತಡೆದು, ಇನ್ನಷ್ಟು ಗಟ್ಟಿಯಾಗಿ: “ಇನ್ನೂ ಒತ್ತಿಲ್ಲ ಸಾರ್. ನಾನೇ ಒತ್ತುತೀನಿ.”

ಯಾರೋ ಚಪ್ಪಾಳೆ ತಟ್ಟಲು ಹೋಗಿ, ಅಧಿಕಾರಿ ಗುರಾಯಿಸಿದ್ದಕ್ಕೆ ಕೈ ಕೆಳಗಿಳಿಸುತ್ತಾರೆ. ಮೇಸ್ತ್ರಿಯನ್ನು ಬಾಗಿಲಾಚೆ ಕಳಿಸಲಾಗುತ್ತದೆ. ಹುಡುಗಿ ಒಳಗೆ ಇದ್ದಾಳೆ. ಹೊತ್ತು ಹೋಗುತ್ತದೆ. ಕಂದು ಲೇಸು, ಬಿಳಿ ಲೇಸು ಅಲುಗಾಡದೆ ನಿಂತಿವೆ. ಸಾಲಿನ ಕೊನೆಯಲ್ಲಿದ್ದವನೊಬ್ಬ, “ಇನ್ನೂ ಎಷ್ಟೊತ್ತಮ್ಮಾ?” ಎಂದು ಗೊಣಗಿದರೆ, ಅವನ ಮುಂದಿದ್ದ ಹೆಂಗಸೊಬ್ಬರು ತಿರುಗಿ, “ನಿಮ್ಮ ಮನೆ ಗಂಟೇನು ಹೋಗ್ತಿದೆ? ಇರ್ಲಿ ಬಿಡ್ರೀ” ಎಂದು ಬಾಯಿ ಮುಚ್ಚಿಸುತ್ತಾರೆ. ಅಧಿಕಾರಿಯೂ ಅವಸರ ಮಾಡುವುದಿಲ್ಲ.

ಅವಳ ಬೆನ್ನಿಗೆ ಉಳಿದ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋಗುತ್ತಾರೆ, ಎರಡೆರಡೇ ಪಾದ. ರಟ್ಟಿನ ಮರೆ ಖಾಲಿ ಇದ್ದರೂ ಆ ಕಡೆ ಯಾರೂ ಕಾಲು ಹಾಕುವುದಿಲ್ಲ. ಕಟ್ಟಕಡೆಗೆ ಮೇಸ್ತ್ರಿಯನ್ನೂ ಕರೆಯುತ್ತಾರೆ. ಅವನ ಓಟು ಅವನ ಹಕ್ಕು ತಾನೇ. ತಲೆ ತಗ್ಗಿಸಿಕೊಂಡು ಬಂದು ಪರದೆಯ ಹಿಂದೆ ಹೋದವನ ಕಪ್ಪು ಬೂಟುಗಳು ಅಲ್ಲೇ ಬಹಳ ಹೊತ್ತು ನಿಲ್ಲುತ್ತವೆ. “ಅವನಿಗೂ ಎಲ್ಲಿಂದ ಯಾರು ಹೇಳಿ ಕಳಿಸಿದ್ರೋ! ಅವನಾದ್ರೂ ಅವತ್ತು ತನಗೆ ಬೇಕಾದೋರಿಗೇ ಹಾಕಿರ್ಲಿ” ಎನ್ನುತ್ತಾರೆ ಅಕ್ಕ. ಅವರ ಮಾತಿನಲ್ಲಿ ಕೊಂಕಿಲ್ಲ.

ಸಂಜೆ ಪೆಟ್ಟಿಗೆಗೆ ಅರಗಿನ ಮುದ್ರೆ ಬಿದ್ದ ಮೇಲೆ ಅಕ್ಕ ಪರದೆಗಳನ್ನು ಇಳಿಸುತ್ತಾರೆ. ಅಧಿಕಾರಿ ಬಂದು ಒಂದು ತುದಿ ಹಿಡಿದುಕೊಂಡು ಮಡಚಲು ನೆರವಾಗುತ್ತಾರೆ. ಕರಾರಿನ ಪ್ರಕಾರ ತಕರಾರಂತೂ ಆಗಿದೆ, ಅದನ್ನು ಬರೆಯದೆ ಬಿಡುವಂತಿಲ್ಲ ಎನ್ನುತ್ತಾರೆ. “ಬರೀತೀನಿ. ಆದ್ರೆ ಕೆಳಗೆ ಪಾದ ಕಂಡಿದ್ದಕ್ಕೇ ಅವನು ಸಿಕ್ಕಿಬಿದ್ದ ಅನ್ನೋದನ್ನೂ ಬರೀತೀನಿ. ಮೇಲಿನೋರು ಏನಂತಾರೋ ನನ್ನ ಕೈಲಿಲ್ಲ ಅಮ್ಮಾ.”

“ನಿಮ್ಮ ಕೆಲಸ ನೀವು ಮಾಡಿ ಸಾಹೇಬ್ರೇ” ಎನ್ನುತ್ತಾರೆ ಅಕ್ಕ. ಒಂದಕ್ಷರವೂ ಆಡುವುದಿಲ್ಲ ಎಂದು ಮಾತು ಕೊಟ್ಟಿದ್ದನ್ನು ನೆನಪಿಸಿ ಯಜಮಾನರು ಕೆಣಕಿದಾಗ ಅವರ ಉತ್ತರ ಸಿದ್ಧವಾಗಿದೆ. “ಓಟು ಹಾಕೋರ ಜೊತೆ ಎಲ್ಲಿ ಆಡಿದೆ? ನಾನು ಕೂಗಿದ್ದು ಸಾಹೇಬ್ರನ್ನ.”

ವಾರ ಕಳೆದ ಮೇಲೆ ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಎಂದಿನ ಗದ್ದಲ. ಇಸ್ತ್ರಿ ಮೇಜಿನ ಹಿಂದಿನ ಕಪಾಟಿನಲ್ಲಿ ಒಗೆದು ಮಡಚಿಟ್ಟ ಕಂದು ಪರದೆಗಳಿವೆ. ಮೇಲಿನವರಿಂದ ಉತ್ತರ ಬಂದಿಲ್ಲ. ಇನ್ನೇನು ಆಸೆ ಎಂದು ಕೇಳಿದರೆ ಅಕ್ಕ ಯೋಚಿಸುವುದೇ ಇಲ್ಲ. “ಮುಂದಿನ ಸಲ ನಾಲ್ಕು ಕಡೆನೂ ಪರದೆ ಹಾಕ್ಬೇಕು. ಬಟ್ಟೆ ನೋಡಿಟ್ಟಿದೀನಿ. ಬೇಡ ಅಂದ್ರೆ ಬೇಡ ಅನ್ನೋಕೆ ಅವರೇ ಇಲ್ಲಿಗೆ ಬರ್ಲಿ, ಅಲ್ಲೀವರೆಗೆ ನಾನು ಹೊಲೀತಾ ಇರ್ತೀನಿ.”

ಆಗಲೇ ಬಾಗಿಲಿಗೆ ಅಡ್ಡವಾಗಿ ಒಂದು ನೆರಳು ಬಂದು ನಿಲ್ಲುತ್ತದೆ. ಗಾಜಿನ ಕೆಲಸದ ಹುಡುಗಿ. ಅಂದು ಗಡಿಬಿಡಿಯಲ್ಲಿ ಫೋನು ತೆಗೆದುಕೊಂಡು, ಗುಂಡಿ ಕೊಡುವುದನ್ನು ಮರೆತು ಹಿಡಿದುಕೊಂಡೇ ಹೋಗಿದ್ದಳಂತೆ. ಈಗ ಅಂಗೈ ಬಿಚ್ಚಿ ನೀಲಿ ಗುಂಡಿಯನ್ನು ಚಾಚುತ್ತಾಳೆ. ಕೆಲಸ ಹೇಗಿದೆ ಎಂದರೆ ಇದೆ ಎನ್ನುತ್ತಾಳೆ. ಮೇಸ್ತ್ರಿ? “ಮಾತು ಬಿಟ್ಟಿದಾನೆ ಅಕ್ಕಾ. ಒಳ್ಳೇದೇ ಆಯ್ತು, ತಲೆನೋವು ಕಮ್ಮಿ. ಕೋಣೆ ಬಿಡು ಅಂತಾನೇನೋ ಅಂತ ಒಂದು ಭಯ ಇದೆ. ಹಾಗೇನಾದ್ರೂ ಅಂದ್ರೆ ನಾವೆಲ್ಲಾ ಒಟ್ಟಿಗೆ ಬಿಡ್ತೀವಿ ಅಂದಿದಾರೆ ಉಳಿದೋರು.”

“ನಿನ್ನ ಬೂಟು ಬಿಚ್ಚು” ಎನ್ನುತ್ತಾರೆ ಅಕ್ಕ. ಹುಡುಗಿ ಕಕ್ಕಾಬಿಕ್ಕಿಯಾಗುತ್ತಾಳೆ. ಅಕ್ಕ ಡಬ್ಬಿಯಿಂದ ಒಂದೇ ಬಣ್ಣದ ಎರಡು ಲೇಸು ಹುಡುಕಿ ತೆಗೆದು, ಬೂಟು ಮಡಿಲಲ್ಲಿಟ್ಟುಕೊಂಡು ಪೋಣಿಸತೊಡಗುತ್ತಾರೆ. “ಗುಂಡಿ ನೀನೇ ಇಟ್ಕೋ. ಮುಂದಿನ ಸಲ ಬರುವಾಗ ತಗೊಂಡು ಬಾ, ಆ ಜೇಬು ನಿನಗೇ ಇರುತ್ತೆ.”

ಹುಡುಗಿ ಸ್ಟೂಲಿನ ಮೇಲೆ ಕಾಲುಚೀಲದಲ್ಲಿ ಕೂತು ಗುಂಡಿಯನ್ನು ಬೆರಳಲ್ಲಿ ತಿರುಗಿಸುತ್ತಾಳೆ. ಯಂತ್ರ ಸುಮ್ಮನಿದೆ, ಮೇಲಿನ ಮೆಟ್ಟಿಲಿನಲ್ಲಿ ಯಾರೋ ಹತ್ತಿ ಹೋಗುತ್ತಾರೆ.

“ಅಕ್ಕಾ, ಅವತ್ತು ಅವನು ಹೋದ್ಮೇಲೆ ತಿರುಗಿ ನೋಡಿದೆ. ಈ ಕಡೆ ನೋಡಿದೆ, ಆ ಕಡೆ ನೋಡಿದೆ. ಒಳಗೆ ಯಾರೂ ಇರ್ಲಿಲ್ಲ.”

ಅಕ್ಕ ಲೇಸಿನ ಗಂಟು ಬಿಗಿದು, ಬೂಟನ್ನು ಅವಳ ಕೈಗಿಡುತ್ತಾರೆ.

“ನೀನಿದ್ಯಲ್ಲಮ್ಮಾ.”